ಮೇಜಿನ ಮೇಲಿನ ಪಾಳುಮನೆ

ನಾರಾವಿಲ್, ವಾಲ್ವಿಸ್ ಬೇ
೨೭ ಜುಲೈ ೨೦೦೩, ಭಾನುವಾರ

ಮುದ್ದಿನ ಓಮಾ,

ನಮ್ಮ ಪಾಳುಮನೆಗೆ ಮೊದಲ ಬಹುಮಾನ ಬಂತು, ಓಮಾ, ಮೊದಲ ಬಹುಮಾನ! ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಇದನ್ನು ಹೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ. ನಿನ್ನ ಮೂರು ಕಾಗದಗಳೂ ಬಂದಿವೆ. ಒಂದಕ್ಕೂ ಉತ್ತರ ಬರೆಯದ ಈ ಮೊಮ್ಮಗಳ ಕಿವಿ ಹಿಂಡಲು ವಿಂಡ್‌ಹುಕ್‌ನಲ್ಲಿ ಕೂತೇ ನಿನ್ನ ಕೈ ತುರಿಸುತ್ತಿರಬೇಕು. ಹಿಂಡುವೆಯಂತೆ, ಬರುತ್ತೇನಲ್ಲ. ಮೂರರಲ್ಲೂ ನೀನು ಕೇಳಿದ್ದು ಒಂದೇ ಮಾತು: ಮದುವೆಯ ಮುಸುಕು ಜೋಪಾನವಾಗಿದೆಯೇ, ಜೋಲೀನಳ ಮದುವೆಗೆ ಯಾವತ್ತು ತರುತ್ತೀ. ಗೊತ್ತು ಓಮಾ. ನೀನು ಹೊದ್ದದ್ದು, ಅಮ್ಮ ಹೊದ್ದದ್ದು, ಫೆಬ್ರವರಿಯಲ್ಲಿ ನಾನು ಹೊದ್ದದ್ದು. ಹಿಂದಿನ ಮದುಮಗಳು ತನ್ನ ಕೈಯಾರೆ ಮುಂದಿನವಳ ತಲೆಗೆ ಹೊದಿಸಬೇಕು. ಅಮ್ಮನಿಲ್ಲದ ಮೇಲೆ ತಂಗಿಗೆ ಹೊದಿಸುವವಳು ನಾನೇ. ಅದಕ್ಕೂ ಉತ್ತರ ಬರೆಯುತ್ತೇನೆ. ಮೊದಲು ಸಂತೋಷದ ಸುದ್ದಿಯನ್ನು ಪೂರ್ತಿ ಹೇಳಲು ಬಿಡು.

ನನ್ನ ಗಂಡ ಎಲ್‌ರಿಕೊಗೆ ಪುಟ್ಟ ಪುಟ್ಟ ಮನೆ ಮಾಡುವ ಹುಚ್ಚಿದೆ ಎಂದು ಮದುವೆಯಲ್ಲೇ ನಿನಗೆ ಹೇಳಿದ್ದೆ. ಹಗಲೆಲ್ಲ ಬಂದರಿನಲ್ಲಿ ದೋಣಿಗಳ ತುಕ್ಕು ಕೆರೆದು ಬಣ್ಣ ಬಳಿಯುತ್ತಾನೆ, ಸಂಜೆ ಮನೆಗೆ ಬಂದು ತಾನೇ ತುಕ್ಕು ಹಿಡಿಸುತ್ತಾನೆ! ಇಲ್ಲಿನ ವಸ್ತುಸಂಗ್ರಹಾಲಯದವರು ಒಂದು ಸ್ಪರ್ಧೆ ಇಟ್ಟಿದ್ದರು. ಗಣಿ ಮುಚ್ಚಿದ ಮೇಲೆ ಜನ ಬಿಟ್ಟುಹೋದ ಮನೆಯೊಂದರ ಒಳಭಾಗವನ್ನು ಮಾದರಿಯಾಗಿ ಮಾಡಬೇಕು. ನಿಜವಾದ ಒಂದು ಅಡಿ ಅದರಲ್ಲಿ ಒಂದು ಅಂಗುಲ. ಎರಡು ಕೋಣೆ, ಒಂದು ಅಡುಗೆಮನೆ. ನಮ್ಮ ಊಟದ ಮೇಜು ಮೇ ತಿಂಗಳಿನಿಂದ ಈ ಚಳಿಗಾಲವಿಡೀ ಅದಕ್ಕೇ ಹೋಯಿತು. ನಾವು ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡು ಮೀನು ತಿಂದೆವು.

ಪಾಳುಮನೆಯಲ್ಲವೇ, ಮುರುಕಲು ಹಲಗೆ ಅಂಟಿಸಿ ಮಣ್ಣು ಸುರಿದರೆ ಆಯಿತು ಎಂದುಕೊಂಡಿದ್ದೆ. ಅವನು ನಕ್ಕ. "ಹಾಗಲ್ಲ ಕಣೇ ವೆರಿ. ಮೊದ್ಲು ಮನೆ ಚೆನ್ನಾಗಿ ಕಟ್ಟಬೇಕು, ಜನ ಬಾಳಿದ್ರು ಅನ್ನಿಸ್ಬೇಕು. ಆಮೇಲೆ ಅವ್ರನ್ನ ಕಳಿಸಬೇಕು. ಯಾರೂ ಬಾಳದ ಮನೆ ಹಾಳಾಗೋದು ಹೇಗೆ?" ಹಾಗಾಗಿ ನಾವು ಮನೆ ಹೂಡಿದೆವು, ಓಮಾ! ಗೋಡೆಗೆ ಹೂವಿನ ಕಾಗದ ಅಂಟಿಸಿದೆವು. ಉಗುರಿನಷ್ಟು ಬಟ್ಟಲುಗಳು, ಅಂಗೈಯುದ್ದದ ಮಂಚ, ಗೋಡೆಯಲ್ಲಿ ಯಾರದೋ ಅಜ್ಜನ ಚಿತ್ರ. ಆ ಮನೆಯವಳಿಗೆ ಒಂದು ಹೆಸರು ಕೂಡ ಇಟ್ಟೆ. ಭಾನುವಾರ ಅವಳು ಏನು ಅಡುಗೆ ಮಾಡುತ್ತಿದ್ದಳು ಎಂದು ಇಬ್ಬರೂ ಜಗಳವಾಡಿದೆವು.

ಆಮೇಲೆ ಹಾಳು ಮಾಡುವ ಕೆಲಸ. ಅಜ್ಜನ ಚಿತ್ರದ ಸುತ್ತ ಗೋಡೆಗೆ ತೆಳುವಾಗಿ ಕಂದು ಬಳಿದು, ಚಿತ್ರವನ್ನು ತೆಗೆದೆವು. ಅದಿದ್ದ ಜಾಗ ಮಾತ್ರ ಹೊಸದರಂತೆ ಉಳಿಯಿತು. ರೊಯ್‌ಬೊಸ್ ಚಹಾ ಹೀರಿಸಿದ ಕುಂಚದಿಂದ ಮಾಡಿನ ಮೂಲೆಯಲ್ಲಿ ನೀರು ಸೋರಿದ ಕಲೆ ಬರೆದೆವು. ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನು ವಿನೆಗರ್‌ನಲ್ಲಿ ನೆನೆಸಿ ಆ ನೀರು ಬಳಿದರೆ ಬಿಳಿ ಮರ ಎಷ್ಟೋ ವರ್ಷದ ಬೂದು ಬಣ್ಣಕ್ಕೆ ತಿರುಗುತ್ತದೆ. ಹಸಿ ಬಣ್ಣದ ಮೇಲೆ ಉಪ್ಪು ಚಿಮುಕಿಸಿ, ಒಣಗಿದ ಮೇಲೆ ಉಜ್ಜಿ ಉದುರಿಸಿದರೆ ಬಣ್ಣ ಹಪ್ಪಳದಂತೆ ಎದ್ದಿರುತ್ತದೆ. ಮರಳಿನದು ಮಾತ್ರ ಬಹಳ ಕಷ್ಟವಾಯಿತು. ಸಮುದ್ರದ ಮರಳು ಅಷ್ಟು ಚಿಕ್ಕ ಮನೆಯಲ್ಲಿ ಕಲ್ಲಿನ ರಾಶಿಯಂತೆ ಕಾಣುತ್ತಿತ್ತು. ಕೊನೆಗೆ ಒಣಗಿದ ಕುಯ್ಸೆಬ್ ನದಿಯ ಪಾತ್ರದಿಂದ ಹುಡಿ ತಂದು, ನನ್ನ ಹರಿದ ಕಾಲುಚೀಲದಲ್ಲಿ ಸೋಸಿ, ಬಾಗಿಲಿನಿಂದ ಒಳಗೆ ದಿಬ್ಬವಾಗಿ ಬೀಳುವಂತೆ ಮೆಲ್ಲಗೆ ಊದಿದೆವು. ಮೂರು ಸಲ ಊದಿ, ಮೂರು ಸಲ ಗುಡಿಸಿ ತೆಗೆದೆವು. ಗಾಳಿ ಯಾವ ಕಡೆಯಿಂದ ಬಂದಿರಬೇಕು ಎಂಬ ಲೆಕ್ಕ ಅವನಿಗೆ ಸರಿಹೋಗಲಿಲ್ಲ.

ಅತ್ತೆ ಪ್ರತಿ ಬುಧವಾರ ಬರುತ್ತಾರೆ. ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಏನಮ್ಮ, ಇರೋ ಮನೆ ಗುಡಿಸೋಕೆ ನಿನಗೆ ಪುರುಸೊತ್ತಿಲ್ಲ, ಆಟದ ಮನೆಗೆ ಜರಡಿ ಹಿಡಿದು ಮಣ್ಣು ಹಾಕ್ತೀಯಾ? ನಮ್ಮ ಕಾಲದಲ್ಲಿ ಹೊಸ ಮದುಮಗಳು ಪರದೆ ಹೊಲೀತಿದ್ಲು!"

"ಹೊಲೀತಿದೀವಿ ಅತ್ತೆ, ಇಷ್ಟಿಷ್ಟೇ," ಎಂದು ಬೆರಳಿನಲ್ಲಿ ಅಳತೆ ತೋರಿಸಿದೆ.

"ಇಂಗ್ಲಿಷ್ ಶಾಲೇಲಿ ಕಲಿಸಿದ್ದು ಇದೇನಾ? ಎಲ್‌ರಿಕೊ, ನಿನಗೆ ತಕ್ಕ ಹುಚ್ಚೀನೇ ಹುಡುಕಿದ್ದೀ ಬಿಡು," ಎಂದು ನಕ್ಕು, ತಾವೇ ಕರಿದು ತಂದಿದ್ದ ರೊಟ್ಟಿಗಳನ್ನು ನನ್ನ ಕೈಗಿಟ್ಟರು. ಅವರ ಬಾಯಿ ಖಾರ, ಕೈ ಸಿಹಿ.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಇಲ್ಲಿ ಪೂರ್ವದ ಗಾಳಿ ಬೀಸಿದ ದಿನ ನಮ್ಮ ನಿಜವಾದ ಹೊಸ್ತಿಲಲ್ಲೂ ಮರಳು ದಿಬ್ಬ ಕಟ್ಟುತ್ತದೆ. ಮಂಜು ಬಿದ್ದ ದಿನ ಬೀಗ, ಚಿಲಕ, ನೀನು ಕೊಟ್ಟ ಹೊಲಿಗೆ ಯಂತ್ರ, ಎಲ್ಲಕ್ಕೂ ತುಕ್ಕು. ಬಂದರಿನ ಕಚೇರಿಯಲ್ಲಿ ಸಂಜೆಯವರೆಗೆ ಕಾಗದ ಟೈಪು ಮಾಡಿ ಬಂದು, ಇಲ್ಲಿ ಮರಳು ಗುಡಿಸಿ, ಅಲ್ಲಿ ಮರಳು ಊದಿ, ಮಲಗುವ ಹೊತ್ತಿಗೆ ನನ್ನ ತೋಳು ನನ್ನದಲ್ಲ ಎನಿಸುತ್ತಿತ್ತು. ಸುಖವಾಗಿದ್ದೇನೆ ಓಮಾ, ಅನುಮಾನ ಬೇಡ. ಅವನು ಒಳ್ಳೆಯವನು. ನನಗೆ ಮೊದಲು ಚಹಾ ಕೊಡದೆ ತಾನು ಕುಡಿಯುವುದಿಲ್ಲ. ಸುಖದಲ್ಲೂ ಇಷ್ಟು ದಣಿವಾಗುತ್ತದೆ ಎಂದು ಮದುವೆಗೆ ಮೊದಲು ನನಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಒಂದೇ ಒಂದು ಅವನಿಗೆ ಒಗ್ಗದೆ ಉಳಿದಿತ್ತು: ಮಲಗುವ ಕೋಣೆಯ ಕಿಟಕಿಯ ಪರದೆ. ಹೊಸ ಬಟ್ಟೆಯನ್ನು ಚಹಾದಲ್ಲಿ ಅದ್ದಿದ, ಬಿಸಿಲಿಗಿಟ್ಟ, ಸೂಜಿಯಿಂದ ಎಳೆ ಕಿತ್ತ. "ಹೊಸ ಬಟ್ಟೆ ಸುಳ್ಳು ಹೇಳುತ್ತೆ ವೆರಿ. ಹರಿದ್ರೂ ಹೊಸದಾಗೇ ಹರಿಯುತ್ತೆ," ಎಂದು ಗೊಣಗುತ್ತಿದ್ದ. ಒಂದು ಸಂಜೆ ನಾನು ಕಚೇರಿಯಿಂದ ಬಂದು ಕೈಚೀಲವನ್ನೂ ಇಳಿಸಿರಲಿಲ್ಲ, ನನ್ನ ಕಣ್ಣು ಮುಚ್ಚಿ ಮೇಜಿನ ಮುಂದೆ ನಿಲ್ಲಿಸಿದ. ಕೈ ತೆಗೆದಾಗ ಕಿಟಕಿಯಲ್ಲಿ ಪರದೆ ತೂಗುತ್ತಿತ್ತು. ಹಳದಿಗಟ್ಟಿದ ಜಾಲರಿ, ಜೇಡದ ಬಲೆಯಷ್ಟು ತೆಳು. ನಾನು ಉಸಿರಾಡಿದರೆ ಅದೂ ಅಲುಗುತ್ತಿತ್ತು. "ನೋಡು! ಈಗ ಅವಳು ನಿಜವಾಗ್ಲೂ ಮನೆ ಬಿಟ್ಟು ಹೋದ್ಲು," ಎಂದ. ನಾನು ಚಪ್ಪಾಳೆ ತಟ್ಟಿದೆ.

ಶುಕ್ರವಾರ ಫಲಿತಾಂಶ. ಸಂಗ್ರಹಾಲಯದ ಶ್ರೀಮತಿ ಎಗರ್ಟ್ ಕನ್ನಡಕ ಏರಿಸಿ, ಬಗ್ಗಿ, ಎಷ್ಟೋ ಹೊತ್ತು ಆ ಕಿಟಕಿಯನ್ನೇ ನೋಡಿದರು.

"ಉಳಿದದ್ದೆಲ್ಲ ಕೈಚಳಕ, ಒಪ್ಪಿದೆ. ಆದ್ರೆ ಈ ಪರದೆ? ಇದನ್ನ ಎಲ್ಲಿಂದ ತಂದ್ರಿ?"

"ಮನೇಲಿ ಬಿದ್ದಿದ್ದ ಹಳೇ ಬಟ್ಟೆ ಮೇಡಂ," ಎಂದ ಎಲ್‌ರಿಕೊ. "ನನ್ನ ಹೆಂಡತಿ ಯಾವುದನ್ನೂ ಎಸೆಯಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸಿದ, ಓಮಾ, ಕೇಳದೆಯೇ ಬರೆಸಿದ. ಮನೆ ಈಗ ಗಾಜಿನ ಒಳಗಿದೆ, ಇನ್ನು ಸದಾ ಅಲ್ಲೇ ಇರುತ್ತದಂತೆ. ನಿನ್ನೆಯೂ ನೋಡಲು ಹೋಗಿದ್ದೆವು. ಜನ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ನನಗೆ ತಲೆ ಸಿಡಿಯುತ್ತಿತ್ತು, ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಜೋಲೀನಳಿಗೆ ನನ್ನ ಮುತ್ತುಗಳು. ಅವಳ ಬಾಳು ತಂಪಾಗಿರಲಿ, ನಿನ್ನ ಮೊಣಕಾಲಿಗೆ ದೇವರು ನೆಮ್ಮದಿ ಕೊಡಲಿ. ನನ್ನ ತಲೆಯ ಮೇಲೆ ನಿನ್ನ ಕೈಯಿರಲಿ, ಓಮಾ.

ನಿನ್ನ,
ವೆರೆನ್ಸಿಯಾ

ಮರೆತ ಮಾತು: ಮರೆತಿಲ್ಲ. ಎರಡು ಹಾಳೆಯುದ್ದಕ್ಕೂ ಇದನ್ನೇ ಬರೆಯಲು ಹೆದರುತ್ತಿದ್ದೆ. ಆ ಪರದೆ ನಮ್ಮ ಮುಸುಕು. ಮದುವೆಯಾದ ಮೇಲೆ ಅದನ್ನು ಗಂಡನಿಗೆ ತೋರಿಸಬಾರದು, ಎಲ್ಲಿದೆ ಎಂದೂ ಹೇಳಬಾರದು ಎಂದಿದ್ದೆಯಲ್ಲ, ನೀನು ಅಮ್ಮನಿಗೆ ಹೇಳಿದ ಹಾಗೆಯೇ. ಹಳೆಯ ಹಿಟ್ಟಿನ ಚೀಲದಲ್ಲಿ ಸುತ್ತಿ ಚಿಂದಿ ಬಟ್ಟೆಗಳ ಅಡಿಯಲ್ಲಿ ಇಟ್ಟಿದ್ದೆ. ಅವನು ಅದನ್ನು ಕಂಡದ್ದು ಚರ್ಚಿನಲ್ಲಿ ಒಂದು ಗಳಿಗೆ, ನನ್ನ ತಲೆಯ ಮೇಲೆ. ಆಗ ಅವನು ನೋಡುತ್ತಿದ್ದದ್ದು ನನ್ನ ಮುಖವನ್ನು. ಚಿಂದಿ ಹುಡುಕಿದ, ಚಿಂದಿ ಸಿಕ್ಕಿತು. ನಡುಭಾಗವನ್ನು ಕತ್ತರಿಸಿದ್ದಾನೆ. ಅಂಚಿನ ಹೂಗಳು ಅಷ್ಟು ಚಿಕ್ಕ ಮನೆಗೆ ದೊಡ್ಡದಾದವಂತೆ, ಅದಕ್ಕೇ ಅಂಚು ಪೂರ್ತಿ ಉಳಿದಿದೆ. ಅಮ್ಮನ ಮುಖ ಮುಚ್ಚಿದ್ದ ಭಾಗ ಉಳಿದಿಲ್ಲ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅದು ಎಷ್ಟು ಚೆಂದ ಕಾಣುತ್ತಿತ್ತು ಗೊತ್ತಾ ಓಮಾ, ನೋಡಿದ ಕೂಡಲೇ ಗುರುತು ಹಿಡಿದೆ, ಹಿಡಿದ ಮೇಲೂ ಚಪ್ಪಾಳೆ ತಟ್ಟಿದೆ. ಅವನ ಮುಖದಲ್ಲಿ ಅಷ್ಟು ಬೆಳಕಿತ್ತು. ಅವತ್ತಿನಿಂದ ನಗುತ್ತಲೇ ಇದ್ದೇನೆ, ನಕ್ಕು ನಕ್ಕು ಸಾಕಾಗಿದೆ. ಅವನಿಗೆ ಇನ್ನೂ ಗೊತ್ತಿಲ್ಲ. ಸ್ಟೇಷನ್ನಿಗೆ ಕಳಿಸಲು ಬಂದಾಗ, ರೈಲು ಅಲುಗಿದ ಮೇಲೆ, ಕಿಟಕಿಯಿಂದ ಹೇಳುತ್ತೇನೆ. ಅವನ ಮುಖ ನೋಡುತ್ತ ಹೇಳುವ ಶಕ್ತಿ ನನಗಿಲ್ಲ. ಜೋಲೀನಳಿಗೂ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಹೊಸ ಜಾಲರಿ ಕೊಂಡಿಡಬೇಡ. ಅಂಚು ತರುತ್ತೇನೆ, ಅದಕ್ಕೆ ಏನು ಸೇರಿಸಬೇಕು, ಸೇರಿಸಬೇಕೋ ಬೇಡವೋ, ಅವಳೇ ಹೇಳಲಿ.

ಆಗಸ್ಟ್ ಎಂಟು, ಶುಕ್ರವಾರ ಬೆಳಿಗ್ಗೆ ವಿಂಡ್‌ಹುಕ್‌ಗೆ ಬರುವ ವಾಲ್ವಿಸ್ ಬೇ ರಾತ್ರಿ ರೈಲಿನಿಂದ ಇಳಿಯುತ್ತೇನೆ, ಒಬ್ಬಳೇ.