ಗುರುವಾರ ತೊಟ್ಟ ಜೀನ್ಸ್

ಹದಿಮೂರನೆಯ ತಿಂಗಳು, ನಲವತ್ತೊಂದನೆಯ ದಿನ, ೨೪೧೭
ಬಿಸಿಲುಮನೆಯ ಎರಡನೇ ಬಾಗಿಲು, ರಾಯಚೂರು

ಗಂಡಸರು ಕೆಲಸಕ್ಕೆ ಹೋಗುವಾಗ ಏನು ತೊಡಬೇಕು ಎಂಬ ಪುಟ ಬರೆದ ಮಹಾನುಭಾವರಿಗೆ ಹುಸೇನಪ್ಪನ ನಮಸ್ಕಾರಗಳು.

ಈ ತಾರೀಖು ನಿಮಗೆ ತಲೆಕೆಟ್ಟವನ ಲೆಕ್ಕದಂತೆ ಕಾಣಬಹುದು. ಬೇಸಿಗೆಯು ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಇನ್ನೊಂದು ತಿಂಗಳು ಸೇರಿಸಿ, ಅದನ್ನು ಬಿರುದಿಂಗಳು ಎಂದು ಕರೆದರು, ಮಳೆ ಬರುವ ತನಕ ಅದು ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಆ ಒಂದೇ ಪುಟದಿಂದ. ಅದರಲ್ಲಿ ಕಾಲರಿಗೆ, ಟೈಗೆ, ಕಾಲುಚೀಲಕ್ಕೆ ಬೇಕಾದಷ್ಟು ಮಾತಿದೆ. ಸಂಕಟಕ್ಕೆ ಒಂದೂ ಇಲ್ಲ.

ನಿಮ್ಮ ಕಾಲದ ದೊಡ್ಡ ದೊಡ್ಡ ಗ್ರಂಥಗಳೆಲ್ಲ ಮಹಾಬೆಂಕಿಯಲ್ಲಿ ಬೂದಿಯಾದವು. ಕಬ್ಬಿಣದ ಡಬ್ಬಿಯೊಂದರಲ್ಲಿ ನಿಮ್ಮ ಪುಟ ಮಾತ್ರ ಉಳಿಯಿತು. ಒಬ್ಬರನ್ನೊಬ್ಬರು ಕಡಿದುಕೊಳ್ಳುತ್ತಿದ್ದ ಜನಕ್ಕೆ ಯಾವುದಾದರೊಂದು ಕಟ್ಟಳೆ ಬೇಕಿತ್ತು, ಸಿಕ್ಕಿದ್ದು ಇದು. ಅಂದಿನಿಂದ ಪ್ರತಿ ಕಾರ್ಖಾನೆಗೂ ನಾಲ್ಕು ಬಾಗಿಲು. ಬಿಗಿ ಬಾಗಿಲಿಗೆ ಸೂಟು, ಟೈ. ಅರೆಬಿಗಿ ಬಾಗಿಲಿಗೆ ಟೈ ಬೇಡ, ಇಸ್ತ್ರಿಗೆರೆಯ ಪ್ಯಾಂಟು, ಒಳಸೇರಿಸಿದ ಅಂಗಿ. ಹದದ ಬಾಗಿಲಿಗೆ ಬರಿಯ ಕೋಟು, ಸಡಿಲ ಬಾಗಿಲಿಗೆ ಜೀನ್ಸ್. ನಮ್ಮ ಬಿಸಿಲುಮನೆಯಲ್ಲಿ ಸಾವಿರಾರು ಕನ್ನಡಿಗಳಿಂದ ಬಿಸಿಲು ಕೂಡಿಸಿ ಉಪ್ಪು ಕರಗಿಸುತ್ತಾರೆ. ಆ ಕಾವಿನಿಂದ ಊರಿಗೆ ದೀಪ ಉರಿಯುತ್ತದೆ. ಐವತ್ತಾರು ಡಿಗ್ರಿ ಸೆಕೆಯಲ್ಲಿ, ಕುದಿಯುವ ಉಪ್ಪಿನ ಪಕ್ಕದಲ್ಲಿ, ಗೆರೆ ಮುರಿಯದ ಪ್ಯಾಂಟು ತೊಟ್ಟು ಕೆಲಸ ಮಾಡುವವರನ್ನು ನೀವು ನೋಡಬೇಕಿತ್ತು.

ನಾನು ಎರಡನೇ ಬಾಗಿಲಿನ, ಅಂದರೆ ಅರೆಬಿಗಿ ಬಾಗಿಲಿನ, ಪಟ್ಟಿಗಾರ. ಪಟ್ಟಿ ಎಂದರೆ ನಿಮ್ಮ ಬೆಲ್ಟು. ಬೂಟಿನ ಬಣ್ಣಕ್ಕೆ ಬೆಲ್ಟು ಹೊಂದಬೇಕು ಎಂದು ನೀವು ಬರೆದಿರಿ, ನಾವು ಅದರಲ್ಲಿ ಹೊಡೆಯುವುದನ್ನು ಕಲಿತೆವು. ಬಿಳಿ ಕಾಲುಚೀಲ ತೊಟ್ಟವರ ಹಿಮ್ಮಡಿ ಸುಡುತ್ತೇವೆ. ಟೈಯ ತುದಿ ಬಕಲ್ಲಿಗೆ ಮುಟ್ಟದಿದ್ದರೆ ಮುಟ್ಟುವ ತನಕ ಎಳೆಯುತ್ತೇವೆ. ಮೊದಲು ನಾನು ಬಿಗಿ ಬಾಗಿಲಿನಲ್ಲಿದ್ದಾಗ, ಹಾಗೆ ಎಳೆಯುತ್ತಿದ್ದಂತೆ ಒಬ್ಬನ ಕುತ್ತಿಗೆ ಲಟಕ್ಕೆಂದಿತು. ಆ ಮಧ್ಯಾಹ್ನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಅದನ್ನು ನೆನೆದರೆ ಈಗ ನನಗೇ ಹೇಸಿಗೆ.

ನಿಮ್ಮ ಪುಟದ ಕೊನೆಯಲ್ಲಿ ಒಂದು ಸಾಲಿದೆ: ಅರೆಬಿಗಿ ಕಚೇರಿಗಳಲ್ಲಿ ಶುಕ್ರವಾರ ಜೀನ್ಸ್ ನಡೆಯುತ್ತದೆ. ಬಹುಶಃ ಆಕಳಿಸುತ್ತ ಬರೆದಿರಿ. ಬೆಂಕಿಯ ನಂತರ ವಾರದ ಲೆಕ್ಕ ಯಾರಲ್ಲೂ ಉಳಿದಿರಲಿಲ್ಲ, ಹಾಗಾಗಿ ಅಂಗಿಹಗ್ಗ ಬಂತು. ಪ್ರತಿ ಗಂಡಸಿನ ಮನೆಯಲ್ಲೂ ಹಗ್ಗದ ಮೇಲೆ ಏಳು ಬಿಳಿ ಅಂಗಿ. ಸೋಮವಾರದ ಕಾಲರಿನೊಳಗೆ ಒಂದು ಹೊಲಿಗೆ, ಮಂಗಳವಾರಕ್ಕೆ ಎರಡು, ಹೀಗೆ. ದಿನಕ್ಕೊಂದು ಅಂಗಿ ಇಳಿಸಿ ತೊಟ್ಟರೆ ವಾರ ತಪ್ಪುವುದಿಲ್ಲ. ಬಿಸಿಲುಮನೆಯ ಬಾಗಿಲಲ್ಲೂ ಒಂದು ದೊಡ್ಡ ಹಗ್ಗವಿದೆ. ಅಳತೆಗಾರನೆಂಬ ನಮ್ಮ ಮೇಲಿನವನು ಬೆಳಿಗ್ಗೆ ಅಲ್ಲಿನ ಅಂಗಿಯ ಕಾಲರು ತಿರುವಿ ಎಲ್ಲರಿಗೂ ತೋರಿಸುತ್ತಾನೆ.

ಮೂರು ವಾರದ ಹಿಂದೆ ನನಗೆ ಬಿಸಿಲು ಬಡಿದು ಜ್ವರ ಬಂತು. ಮಲಗಿದಲ್ಲೇ ವಾಂತಿ ಮಾಡಿಕೊಂಡು, ಅರೆಪ್ರಜ್ಞೆಯಲ್ಲಿ ಹಗ್ಗದಿಂದ ಇನ್ನೊಂದು ಅಂಗಿ ಎಳೆದು ತೊಟ್ಟೆ. ಒಂದೇ ದಿನಕ್ಕೆ ಎರಡು ಅಂಗಿ ಇಳಿದವು. ಅದು ಆಗ ನನಗೆ ನೆನಪೇ ಆಗಲಿಲ್ಲ, ವಾಂತಿಯಾದ ಅಂಗಿ ಕಣ್ಣಿಗೆ ಬಿದ್ದ ಮೇಲೇ ತಿಳಿದದ್ದು.

ಪಕ್ಕದ ಮನೆಯ ಬೂದೆಪ್ಪ ನನ್ನ ಓರಗೆಯವನು, ಅದೇ ಎರಡನೇ ಬಾಗಿಲಿನ ಕನ್ನಡಿ ಒರೆಸುವವನು. ಜ್ವರದಲ್ಲಿ ನನಗೆ ಗಂಜಿ ತಂದು ಕುಡಿಸಿದವನೂ ಅವನೇ. ಉಪ್ಪು ಸಿಡಿದು ಅವನ ತೊಡೆ ಬೆಂದಿತ್ತು. ಇಸ್ತ್ರಿ ಪ್ಯಾಂಟು ಗಾಯಕ್ಕೆ ಉಜ್ಜಿ ಕೀವಾಗಿತ್ತು. ತೊಳೆದು ತೊಳೆದು ಮೆತ್ತಗಾದ ಜೀನ್ಸಿಗಾಗಿ ಅವನು ಶುಕ್ರವಾರದ ದಾರಿ ಕಾಯುತ್ತಿದ್ದ. ನಾನು ಎದ್ದು ಕೆಲಸಕ್ಕೆ ಹೊರಟ ದಿನ ನನ್ನ ಮನೆಯ ಬಾಗಿಲಿಗೆ ಬಂದು ನಿಂತ.

“ನನ್ನ ಹಗ್ಗ ಗುರುವಾರ ಅಂತೈತಿ. ನಿಂದು ನೋಡಿ ಹೇಳಪ,” ಅಂದ.

ನಾನು ನನ್ನ ಕಾಲರು ತಿರುವಿ ಶುಕ್ರವಾರದ ಐದು ಹೊಲಿಗೆ ತೋರಿಸಿದೆ. ಪಟ್ಟಿಗಾರನ ಹಗ್ಗ ಎಂದಾದರೂ ತಪ್ಪುತ್ತದೆಯೇ ಎಂದು ಅವನನ್ನು ಗೇಲಿ ಮಾಡಿದೆ. ಅವನು ನಕ್ಕು, ಜೀನ್ಸ್ ತೊಡಲು ಕುಂಟುತ್ತ ಒಳಗೆ ಹೋದ.

ಬಿಸಿಲುಮನೆಯ ಬಾಗಿಲಲ್ಲಿ ಅಳತೆಗಾರ ತಿರುವಿದ ಕಾಲರಿನಲ್ಲಿ ನಾಲ್ಕೇ ಹೊಲಿಗೆ ಇದ್ದವು. ಅಂದು ಗುರುವಾರ, ತಪ್ಪಿದ್ದು ನನ್ನ ಹಗ್ಗ. ಅಷ್ಟರಲ್ಲಿ ಬೂದೆಪ್ಪ ಜೀನ್ಸಿನಲ್ಲಿ ಬರುತ್ತಿದ್ದ, ಎಷ್ಟೋ ದಿನಗಳ ನಂತರ ನೆಟ್ಟಗೆ ನಡೆಯುತ್ತಿದ್ದ. ಕೂಗಿ ಅವನನ್ನು ಹಿಂದೆ ಕಳಿಸಬಹುದಿತ್ತು. ತಪ್ಪು ಬಟ್ಟೆ ತೊಟ್ಟವನಿಗೆ ಇಪ್ಪತ್ತೊಂದು ಏಟು, ವಾರ ತಪ್ಪು ಹೇಳಿದವನಿಗೂ ಅಷ್ಟೇ ಎಂಬುದು ನನಗೆ ಗೊತ್ತಿತ್ತು. ಕೂಗದೆ ಬೆಲ್ಟನ್ನು ಕೈಗೆ ಸುತ್ತಿಕೊಂಡೆ.

ಇವತ್ತು ಶುಕ್ರವಾರ ಎಂದು ಯಾರು ಹೇಳಿದರೆಂದು ಅಳತೆಗಾರ ಕೇಳಿದ. ಬೂದೆಪ್ಪ ನನ್ನ ಮುಖ ನೋಡಿದ, ನನ್ನ ಕೈಯ ಬೆಲ್ಟು ನೋಡಿದ.

“ಯಾರೂ ಹೇಳಿಲ್ರಿ. ನನ್ನ ಹಗ್ಗನ ತಪ್ಪಿತ್ತು,” ಅಂದ.

ನಾನು ಹೊಡೆದೆ. ಬಕಲ್ಲಿನ ಕಡೆಯಿಂದಲೇ ಹೊಡೆಯಬೇಕು, ಅದು ಕಟ್ಟಳೆ. ಮೂರನೆಯ ಏಟಿಗೆ ಕಿವಿ ಹರಿಯಿತು. ಆರನೆಯದು ಬೆಂದ ತೊಡೆಯ ಮೇಲೆ ಬಿದ್ದು ಜೀನ್ಸ್ ಸೀಳಿ ಮಾಂಸ ಮೇಲೆದ್ದಿತು. ಒಂಬತ್ತಕ್ಕೆ ಹಲ್ಲು ಉದುರಿ ನನ್ನ ಬೂಟಿನ ಮೇಲೆ ಬಿದ್ದವು. ನಿಧಾನಕ್ಕೆ ಹೊಡೆದರೆ ಅನುಮಾನ ಬಂದೀತೆಂದು ಇನ್ನೂ ಜೋರಾಗಿ ಬೀಸಿದೆ. ಹದಿನಾಲ್ಕಕ್ಕೆ ಅವನ ಉಸಿರು ನಿಂತಿತು. ಲೆಕ್ಕ ಪೂರ್ತಿಯಾಗಬೇಕೆಂದು ಅಳತೆಗಾರ ಹೇಳಿದ, ಉಳಿದ ಏಳನ್ನೂ ಹೆಣಕ್ಕೆ ಹೊಡೆದೆ. ಆಮೇಲೆ ಬಾಗಿಲು ತೆರೆಯಿತು, ಜನ ಸಾಲಾಗಿ ಒಳಗೆ ಹೋದರು.

ನಿನ್ನೆ ಅವನ ಹೆಂಡತಿ ತಾಯಮ್ಮ ಆ ಜೀನ್ಸ್ ತೊಳೆದು, ಮಡಚಿ, ನನ್ನ ಕಟ್ಟೆಯ ಮೇಲಿಟ್ಟಳು. ಕಲೆ ಪೂರ್ತಿ ಹೋಗಿಲ್ಲ. ಅವರ ಹಗ್ಗ ಸರಿಯಾಗಿತ್ತೆಂಬುದು ಅವಳಿಗೆ ಗೊತ್ತು. ಬಯ್ಯಲಿಲ್ಲ, ಅಳಲಿಲ್ಲ.

“ಮನಿಗಿ ಹೋಗಿ ಬದ್ಲಿ ಮಾಡ್ಕೊಂಡ್ ಬಾ ಅಂದಿದ್ರ ಸಾಕಾಗ್ತಿತ್ತಲ್ಲೋ, ಹುಸೇನಪ್ಪ,” ಅಂದಳು.

ನಿಮ್ಮ ಪುಟವನ್ನು ಮತ್ತೆ ಮತ್ತೆ ಓದಿದೆ, ಆ ಸಾಲು ಎಲ್ಲಿಯೂ ಇಲ್ಲ. ನಿಮ್ಮಲ್ಲಿ ಅದು ಬರೆಯಬೇಕಾದ ಮಾತೇ ಆಗಿರಲಿಲ್ಲವೇನೋ. ದಯವಿಟ್ಟು ಬರೆಯಿರಿ. ತಪ್ಪು ಬಟ್ಟೆಯಲ್ಲಿ ಬಂದವನು ಮನೆಗೆ ಹೋಗಿ ಬದಲಿಸಿಕೊಂಡು ಬರಲಿ ಎಂದು, ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಈ ಕಾಗದವನ್ನು ನಿಮ್ಮ ಪುಟ ಬಂದ ಡಬ್ಬಿಯಲ್ಲೇ ಇಡುತ್ತಿದ್ದೇನೆ. ಮುಂದಕ್ಕೆ ಬಂದದ್ದು ಹಿಂದಕ್ಕೂ ಹೋದೀತು.

ತಾಯಮ್ಮನ ಹಗ್ಗವನ್ನೂ ನೋಡಿಬಂದೆ. ನಾಳೆ ಮಂಗಳವಾರ, ಅನುಮಾನವಿಲ್ಲ. ನಾಳೆ ನಾನು ಬೂದೆಪ್ಪನ ಜೀನ್ಸ್ ತೊಟ್ಟು ಎರಡನೇ ಬಾಗಿಲಿಗೆ ಹೋಗುತ್ತೇನೆ. ಆ ಗುರುವಾರವನ್ನು ಶುಕ್ರವಾರ ಎಂದವನು ನಾನೇ ಎಂದು ಎಲ್ಲರೆದುರು ಹೇಳುತ್ತೇನೆ. ಜೀನ್ಸ್ ನನಗೆ ಸೊಂಟದಲ್ಲಿ ಸ್ವಲ್ಪ ಸಡಿಲ. ಬೆಲ್ಟು ಕಟ್ಟುವುದಿಲ್ಲ.

ಇಂತಿ,
ಹುಸೇನಪ್ಪ