ಬಾಗಿಲ ಸ್ವಿಚ್ಚಿಗೆ ಕಟ್ಟಿದ ತಂತಿ

ಕಲಬುರಗಿ, ನಂದೂರ
೧೦ ಆಗಸ್ಟ್ ೨೦೨೫, ಭಾನುವಾರ ಬೆಳಗ್ಗೆ

ಶೀಲಾಳ ಅಪ್ಪನವರಿಗೆ, ಅಂಬಿಕಾಳ ಶರಣು.

ನಿಮ್ಮ ಸೊಂಟ ಈಗ ಹೇಗಿದೆ? ಬಗ್ಗಿದಾಗ ಎಡಗಾಲಿನವರೆಗೆ ಇಳಿಯುತ್ತಿದ್ದ ಸೆಳೆತ ಕಡಿಮೆಯಾಯಿತೇ? ಫೋನಿನಲ್ಲಿ ಕೇಳಿದಾಗಲೆಲ್ಲ "ಆರಾಮ ಅದೀನಿ" ಎನ್ನುತ್ತೀರಿ, ಆದರೆ ಹಾಗೆನ್ನುವ ಮೊದಲು ಒಂದು ಉಸಿರು ಎಳೆದುಕೊಳ್ಳುತ್ತೀರಿ. ಅದು ನನಗೆ ಕೇಳಿಸುತ್ತದೆ. ಸೇಡಂ ರಸ್ತೆಯ ಡಾಕ್ಟರು ಭಾರ ಎತ್ತಬಾರದು ಎಂದದ್ದು ನಂದೂರಿಗೆ ಮಾತ್ರವಲ್ಲ, ಕಮಲಾಪುರಕ್ಕೂ ಅನ್ವಯಿಸುತ್ತದೆ. ಕೆಂಪು ಬಾಳೆಹಣ್ಣು ಹೊಟ್ಟೆ ತುಂಬ ತಿನ್ನಿ, ಗೊನೆ ಇಳಿಸಲು ಮಾತ್ರ ಕೈ ಹಚ್ಚಬೇಡಿ. ಅಕ್ಕನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ಹೇಗೆ ಎಂದು ನಾಚಿ ನೀವು ಕದ್ದು ಕೆಲಸ ಮಾಡುತ್ತಿದ್ದೀರಿ ಎಂಬ ಗುಮಾನಿ ನನಗಿದೆ. ಇಲ್ಲ ಎಂದು ಆಣೆ ಇಟ್ಟರೂ ನಂಬುವುದಿಲ್ಲ.

ಕೈಯಲ್ಲಿ ಫೋನಿರುವಾಗ ಕಾಗದವೇಕೆ ಎಂದು ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಅಕ್ಕ ಶಂಕ್ರಮ್ಮನವರ ಮೇಲೆ ನನಗೆ ಗೌರವ ಉಂಟು. ಆದರೆ ಅವರು ಸ್ಪೀಕರ್ ಹಾಕದೆ ನಿಮಗೆ ಫೋನು ಕೊಟ್ಟದ್ದನ್ನು ನಾನಂತೂ ಕಾಣೆ. ಗುರುವಾರ ನಿಮ್ಮೊಬ್ಬರಿಗೇ ಎಂದು ದನಿ ತಗ್ಗಿಸಿ ಹೇಳಿದ ಮಾತಿಗೆ ಹಿಂದಿನಿಂದ "ಅಯ್ಯ ಶಿವನೇ!" ಎಂದು ಯಾರು ಅಂದರು? ಗೋಡೆಯಂತೂ ಅನ್ನಲಿಲ್ಲ. ನನ್ನದು ಸಂಶಯದ ಬುದ್ಧಿ ಎಂದು ಮದುವೆಯಾದ ವರ್ಷವೇ ನಮ್ಮ ಅಪ್ಪನ ಮುಂದೆ ಹೇಳಿ ನಗಿಸಿದವರು ನೀವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿದವಳು ಸಂಶಯಪಟ್ಟರೆ ತಪ್ಪೇನು? ಹಾಲಿನವನು ಒಂದು ದಿನ ನಗುನಗುತ್ತ ಬಂದರೆ ನಾನು ಮೊದಲು ಪಾತ್ರೆಯೊಳಗೆ ನೋಡುತ್ತೇನೆ.

ಶೀಲಾ ಚೆನ್ನಾಗಿದ್ದಾಳೆ. ಮಳೆ ಬಂದರೆ ಬರುತ್ತದೆ, ಇಲ್ಲದಿದ್ದರೆ ಸೆಕೆ. ನಮ್ಮ ರದ್ದಿ ಗೋದಾಮಿಗೆ ರಟ್ಟಿನ ಡಬ್ಬಿಗಳು ಬೇಕಾದಷ್ಟು ಬರುತ್ತಿವೆ. ತೂಕ ಹೆಚ್ಚಲೆಂದು ನೀರು ಚಿಮುಕಿಸಿ ತರುವವರೂ ಬರುತ್ತಾರೆ. ಅಂಥವರ ಡಬ್ಬಿಯೊಳಗೆ ನಾನು ಮೊಣಕೈವರೆಗೆ ಕೈ ಹಾಕಿ ನೋಡುವುದರಿಂದ ನನ್ನನ್ನು ಅವರು ಬೆನ್ನ ಹಿಂದೆ ಏನೋ ಕರೆಯುತ್ತಾರಂತೆ. ಕರೆಯಲಿ. ನೀವು ಕಾರಹುಣ್ಣಿಮೆ ಮುಗಿಸಿ ಕಮಲಾಪುರಕ್ಕೆ ಹೋದಾಗ ಹೇಳಿದ್ದನ್ನೆಲ್ಲ ತಪ್ಪದೆ ಮಾಡುತ್ತಿದ್ದೇನೆ. ಬೆಳಗ್ಗೆ ರಟ್ಟು ಒತ್ತುವ ಪ್ರೆಸ್ಸು ಸುರು ಮಾಡುವ ಮೊದಲು ಗಾಜಿನಲ್ಲಿ ಎಣ್ಣೆ ಎಷ್ಟಿದೆ ನೋಡುತ್ತೇನೆ, ಪೈಪುಗಳ ಜೋಡಣೆಯನ್ನು ಬಿಳಿ ಅರಿವೆಯಿಂದ ಒರೆಸಿ ಎಣ್ಣೆ ಜಿನುಗಿದೆಯೇ ನೋಡುತ್ತೇನೆ. ಡಬ್ಬಿಗಳನ್ನು ಬಿಚ್ಚಿ ಚಪ್ಪಟೆ ಮಾಡದೆ ಒಳಗೆ ತುಂಬಲು ಬಿಡುವುದಿಲ್ಲ. ಹಾಗೇ ತುರುಕಿದರೆ ಒತ್ತಿ ತಂತಿ ಬಿಗಿದ ಅಂಡಿಗೆ ಒಂದು ಕಡೆ ಉಬ್ಬಿ, ತಂತಿ ಹರಿದು, ಎಲ್ಲ ಮತ್ತೆ ಮೊದಲಿನಿಂದ. ಹತ್ತಿಗೆ ಅಂಡಿಗೆ ಎನ್ನುವ ಹಾಗೆ ರದ್ದಿಗೂ ಅಂಡಿಗೆ ಎನ್ನುವುದನ್ನು ನಿಮ್ಮಿಂದ ಈಗ ಇಡೀ ಓಣಿ ಕಲಿತಿದೆ.

ಈಗ ಗುರುವಾರದ್ದನ್ನು ಸರಿಯಾಗಿ ಬರೆಯುತ್ತೇನೆ. ಫೋನಿನಲ್ಲಿ ಅರ್ಧ ಹೇಳಿದೆ, ಇನ್ನರ್ಧವನ್ನು ಆ "ಅಯ್ಯ ಶಿವನೇ" ನುಂಗಿತು. ನಿಮ್ಮ ತಮ್ಮ ವಿವೇಕಾನಂದ ಪ್ರೆಸ್ಸಿಗೆ ಡಬ್ಬಿ ತುಂಬುತ್ತಿದ್ದ. ಮೋಮಿನಪುರದಿಂದ ಕೆಲಸಕ್ಕೆ ಬರುವ ಬುರ್ಹಾನುದ್ದೀನ್ ಎಂದಿನಂತೆ ಬಟನ್ನಿನ ಹತ್ತಿರ ನಿಂತಿದ್ದ. ನಾನು ಚಹಾ ಹಿಡಿದು ಒಳಗೆ ಬಂದೆ. ಒಂದು ರಟ್ಟು ಅಡ್ಡ ನಿಂತಿತ್ತು, ವಿವೇಕ ಅದನ್ನು ಸರಿಪಡಿಸಲು ಪ್ರೆಸ್ಸಿನ ತೆರೆದ ಬಾಗಿಲೊಳಗೆ ಬಗ್ಗಿ ಕೈ ಹಾಕಿದ. ಮೇಲಿನ ಕಬ್ಬಿಣದ ಹಲಗೆ ಇಳಿಯುತ್ತಲೇ ಇತ್ತು. ಕುತ್ತಿಗೆಗೆ ಸುತ್ತಿದ ಟವೆಲಿನ ತುದಿ ಅದರಡಿ ಸಿಕ್ಕಿತು, ಅವನನ್ನು ಎಳೆದುಕೊಂಡೇ ಇಳಿಯಿತು. ನಾನು ಕಿರುಚಿದೆ. ಬುರ್ಹಾನುದ್ದೀನ್ ಕೆಂಪು ಬಟನ್ನಿನ ಮೇಲೆ ಬಿದ್ದ. ಹಲಗೆ ನಿಂತಿತು, ವಿವೇಕ ಕುತ್ತಿಗೆ ಬಿಡಿಸಿಕೊಂಡು ಹಿಂದಕ್ಕೆ ಬಿದ್ದ. ಹೋದದ್ದು ಟವೆಲು ಮಾತ್ರ. ಅದು ಇನ್ನೂ ಆ ಅಂಡಿಗೆಯೊಳಗೇ ಇದೆ, ತೆಗೆಯಲು ಯಾರಿಗೂ ಮನಸ್ಸಾಗುತ್ತಿಲ್ಲ.

ಪ್ರೆಸ್ಸು ಕೂಡಿಸಿದ ದಿನ ಕಂಪನಿಯವನು ನಮ್ಮೆಲ್ಲರ ಮುಂದೆ ತೋರಿಸಿದ್ದು ನನಗೆ ನೆನಪಿದೆ. ಬಾಗಿಲು ಮುಚ್ಚಿದರೆ ಮೂಲೆಯ ಸಣ್ಣ ಸ್ವಿಚ್ಚು ಒತ್ತಿಕೊಳ್ಳುತ್ತದೆ, ಆಗ ಮಾತ್ರ ಹಲಗೆ ಇಳಿಯುತ್ತದೆ, ಬಾಗಿಲು ತೆರೆದ ಕೂಡಲೇ ನಿಲ್ಲುತ್ತದೆ ಎಂದಿದ್ದ. ಹಾಗಿದ್ದರೆ ತೆರೆದ ಬಾಗಿಲಿನಲ್ಲಿ ಹಲಗೆ ಇಳಿದದ್ದು ಹೇಗೆ? ಟಾರ್ಚು ಹಿಡಿದು ನೋಡಿದೆ. ಸ್ವಿಚ್ಚನ್ನು ಒತ್ತಿ ಹಿಡಿದಂತೆ ತಂತಿ ಕಟ್ಟಿ, ಮೇಲೆ ಕಪ್ಪು ಟೇಪು ಸುತ್ತಿದ್ದಾರೆ. ಬಾಗಿಲು ಹಾರು ಹೊಡೆದು ತೆರೆದಿದ್ದರೂ ಮುಚ್ಚಿದೆ ಎಂದೇ ಪ್ರೆಸ್ಸು ತಿಳಿಯುತ್ತದೆ. ಬಾಗಿಲು ತೆಗೆದು ಮುಚ್ಚುವ ಹೊತ್ತು ಉಳಿಯಲಿ, ಅಂಡಿಗೆ ಬೇಗ ಬೀಳಲಿ ಎಂದು ಯಾರೋ ಜಾಣರು ಮಾಡಿದ ಕೆಲಸ.

ಮೊದಲು ನಾನು ಬುರ್ಹಾನುದ್ದೀನನನ್ನು ಹಿಡಿದೆ. ಅವನು ತಲೆ ತಗ್ಗಿಸಿ, "ನಾ ಕಟ್ಟಿಲ್ರೀ ಭಾಬಿ. ಯಾರು ಕಟ್ಯಾರ ಅಂತ ನನ್ನ ಬಾಯಿಲೆ ಹೇಳಸಬ್ಯಾಡ್ರಿ" ಎಂದು ವಿವೇಕನ ಕಡೆ ನೋಡಿದ. ಅಷ್ಟೇ ಸಾಕಾಯಿತು ನನಗೆ. ವಿವೇಕನನ್ನು ಕೇಳುವ ಮೊದಲೇ, "ಹೌದು ವೈನಿ, ನಾನೇ ಕಟ್ಟೀನಿ, ಲಗೂನ ಆಗಲಿ ಅಂತ" ಎಂದುಬಿಟ್ಟ. ನನ್ನ ಬಾಯಿಗೆ ಬಂದದ್ದೆಲ್ಲ ಬೈದೆ. ಇನ್ನು ಗೋದಾಮಿನ ಹೊಸ್ತಿಲು ತುಳಿಯಬೇಡ ಎಂದೆ. ಅವನು ಈಗ ಹುಮನಾಬಾದಿನ ಯಾವುದೋ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತೇನೆ, ಇಲ್ಲಿರುವುದಿಲ್ಲ ಎಂದು ಚೀಲ ತುಂಬಿದ್ದಾನೆ. ದಾರಿಯಲ್ಲಿ ಕಮಲಾಪುರದಲ್ಲಿಳಿದು ನಿಮ್ಮ ಕಾಲಿಗೆ ಬಿದ್ದು ಹೋಗುತ್ತಾನಂತೆ. ಈ ಕಾಗದವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಪಾಕೀಟು ಅಂಟಿಸಿ, ಅದರ ಮೇಲೆ ನನ್ನ ಸಹಿಯನ್ನೂ ಎಳೆಯುತ್ತೇನೆ. ತೆರೆದಿದ್ದರೆ ತಿಳಿಯುತ್ತದೆ.

ಆದರೂ ರಾತ್ರಿಯಿಂದ ಒಂದು ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕಾಡುತ್ತಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಇವನು ಕಳ್ಳ ಎನ್ನುವ ಮೊದಲೇ ಕುಂಬಳಕಾಯಿ ಹೊತ್ತು ನಿಂತ. ನಾನು ಈ ಮನೆಗೆ ಬಂದಾಗ ಬೆಲ್ಲದ ಡಬ್ಬಿಯಲ್ಲಿ ಕೈ ಸಿಕ್ಕಿಕೊಂಡಿದ್ದರೂ ನಾನಲ್ಲ ಎಂದ ಹುಡುಗ ಅವನು. ಅಂಥವನು ಈಗ ಒಮ್ಮೆಗೇ ಸತ್ಯವಂತನಾದನೇ? ಇನ್ನು ಕೈ ಹಾಕಿ ಸಾಯುವಂಥ ಬಾಗಿಲನ್ನು ತಾನೇ ತೆರೆದಿಟ್ಟುಕೊಂಡು ತಾನೇ ಬಗ್ಗುತ್ತಾನೆಯೇ? ನನಗೆ ತಲೆ ಓಡುತ್ತಿಲ್ಲ. ಅವನು ನಿಮ್ಮ ತಮ್ಮ. ತಾಯಿಯಿಲ್ಲದವನನ್ನು ಎತ್ತಿ ಬೆಳೆಸಿದವರು ನಾವಿಬ್ಬರೇ. ಅವನಿಗೆ ಮನೆ ಬಿಡಿಸುವಷ್ಟು ಗಟ್ಟಿ ಎದೆ ನನಗಿಲ್ಲ, ಆದರೆ ಒಮ್ಮೆ ಹೇಳಿದ ಮಾತನ್ನು ನುಂಗುವುದೂ ನನಗೆ ಬಾರದು. ನಿಮ್ಮ ಮುಂದೆ ನಿಂತಾಗ ಅವನನ್ನು ನೀವೇ ಕೇಳಿ, ನೀವೇ ನಿರ್ಧರಿಸಿ.

ಪ್ರೆಸ್ಸು ಗುರುವಾರದಿಂದ ಬಂದ್ ಇದೆ. ಕೀಲಿ ನನ್ನ ಸೊಂಟದಲ್ಲಿದೆ, ಮಲಗುವಾಗಲೂ ಅಲ್ಲೇ. ರಟ್ಟು ಮಾಳಿಗೆಯವರೆಗೆ ಬೆಳೆದು ಕೂತಿದ್ದರೂ ಸರಿ. ಔಷಧಿ ತಪ್ಪಿಸಬೇಡಿ. ಶಂಕ್ರಮ್ಮನವರಿಗೆ ನನ್ನ ಶರಣು ತಿಳಿಸಿ, ಅವರು ಹೆಗಲ ಮೇಲಿಂದ ಓದುತ್ತಿದ್ದರೆ ಇಲ್ಲಿಗೇ ತಲುಪಿತು. ಶರಣಬಸವೇಶ್ವರ ನಿಮ್ಮನ್ನು ನೆಟ್ಟಗೆ ನಿಲ್ಲಿಸಿ ಮನೆಗೆ ಕಳಿಸಲಿ.

ನಿಮ್ಮ,
ಅಂಬಿಕಾ

ತಾ.ಕ.: ಅಂಟಿಸಿದ ಪಾಕೀಟನ್ನು ನಾನೇ ಹರಿದು ಇದನ್ನು ಸೇರಿಸುತ್ತಿದ್ದೇನೆ. ವಿವೇಕ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ, ಆದ್ದರಿಂದ ಅವಸರ. ಮನಸ್ಸು ತಡೆಯದೆ ಈಗ ಗೋದಾಮಿಗೆ ಹೋಗಿ, ಕರೆಂಟು ಪೂರ್ತಿ ತೆಗೆದು, ಆ ಟೇಪನ್ನು ಸುಲಿದೆ. ಟೇಪಿನ ಮೇಲೆ ಎಣ್ಣೆ ಕುಡಿದ ಧೂಳು ಉಗುರಿಗೆ ಬರುವಷ್ಟು ದಪ್ಪ ಕೂತಿತ್ತು. ಇದು ನೀವು ಹೋದ ಮೇಲಿನ ಈ ಎರಡು ತಿಂಗಳಲ್ಲಿ ಕಟ್ಟಿದ್ದಲ್ಲ. ಅಂಡಿಗೆ ಬಿಗಿಯುವಾಗ ವಿವೇಕ ತಂತಿಯ ತುದಿಯನ್ನು ಚಾಚಿಯೇ ಬಿಡುತ್ತಾನೆ, ಬುರ್ಹಾನುದ್ದೀನ್ ಇಕ್ಕಳದಿಂದ ಕತ್ತರಿಸುತ್ತಾನೆ. ಹತ್ತಿ ಪ್ರೆಸ್ಸಿನಲ್ಲಿ ಕೆಲಸ ಕಲಿತ ನೀವೊಬ್ಬರೇ, ಹಮಾಲರ ಬೆನ್ನಿಗೆ ಚುಚ್ಚಬಾರದೆಂದು ತುದಿಯನ್ನು ಒಳಗೆ ಮಡಚಿ ಒತ್ತುವವರು. ಸ್ವಿಚ್ಚಿನ ತಂತಿಯ ತುದಿ ಒಳಗೆ ಮಡಚಿದೆ, ರೀ. ಯಾರ ಬೆರಳಿಗೂ ಗೀರು ಬೀಳದ ಹಾಗೆ ಅಂದವಾಗಿ ಮಡಚಿದೆ. ಗುರುವಾರ ಫೋನಿನಲ್ಲಿ ನಾನು ಎಲ್ಲ ಹೇಳಿದ ಮೇಲೆ "ಹುಡುಗಗ ಬೈಬ್ಯಾಡ" ಎಂದಿರಿ, "ಪ್ರೆಸ್ಸು ಸುರು ಅದ ಇಲ್ಲೋ?" ಎಂದಿರಿ. ಸ್ವಿಚ್ಚಿಗೆ ತಂತಿ ಕಟ್ಟಿದವರು ಯಾರು ಎಂದು ಮಾತ್ರ ಕೇಳಲೇ ಇಲ್ಲ. ವಿವೇಕನಿಗೆ ನಾನು ಏನೂ ಹೇಳಿಲ್ಲ. ಅಣ್ಣನ ಮರ್ಯಾದೆ ಉಳಿಸಲು ಅವನು ಊರು ಬಿಡುತ್ತಿದ್ದಾನೆ, ಅದನ್ನು ಬೇಡ ಎನ್ನಬೇಕಾದವಳು ನಾನಲ್ಲ. ಅವನು ಕಾಲಿಗೆ ಬೀಳಲು ಬಗ್ಗುತ್ತಾನೆ. ಬೀಳಿಸಿಕೊಳ್ಳುವ ಮೊದಲು ಅವನ ಎರಡೂ ಕೈ ಹಿಡಿದು ಒಂದೊಂದು ಬೆರಳನ್ನೂ ನೋಡಿ, ಕುತ್ತಿಗೆಯ ಮೇಲಿನ ಕೆಂಪು ಬರೆಯನ್ನೂ ನೋಡಿ. ನೋಡಿದ ಮೇಲೂ ಅವನನ್ನು ಹುಮನಾಬಾದಿನ ಬಸ್ಸು ಹತ್ತಿಸುವುದಾದರೆ, ನೀವೂ ಅದೇ ಬಸ್ಸು ಹತ್ತಿ.