ಡೇರಿಂಗ್ ಅಂದರೆ

ನವೆಂಬರ್ 6, ಬುಧವಾರ

ಹತ್ತನೆಯ ತರಗತಿಯ ಇಂಗ್ಲಿಷ್ ಪೇಪರ್ ತಿದ್ದುತ್ತಿದ್ದೆ. ಅರ್ಧ ಮುಗಿದಿತ್ತು. ಮೈದುನ ಕಲ್ಲೇಶ ಬಂದ, ಹಿಂದೆ ಐದಾರು ಹುಡುಗರು. ಎಲ್ಲರೂ ಚಪ್ಪಲಿಯನ್ನು ಸಾಲಾಗಿ ಬಿಟ್ಟು ಒಳಗೆ ಬಂದರು. ಅಂದರೆ ಏನೋ ಕೆಲಸವಿದೆ.

"ವೈನಿ, ನಮ್ಮ ಹೋರಿಗೆ ಒಂದು ಇಂಗ್ಲಿಷ್ ಹೆಸರು ಬೇಕ್ರಿ. ಟೀ ಶರ್ಟ್ ಪ್ರಿಂಟಿಗೆ ಕೊಡೂದೈತಿ. ಧೈರ್ಯ ಅನ್ನೂ ಅರ್ಥ ಬರಬೇಕು."

ಹೋರಿಗೆ ಹೆಸರಿದೆ, ಬಸ್ಯಾ. ಅತ್ತೆ ಇಟ್ಟದ್ದು. ಆದರೆ ಈ ವರ್ಷ ಅದು ಕೊಬ್ಬರಿ ಹಾರ ಕಟ್ಟಿಕೊಂಡು ಹೋರಿ ಬೆದರಿಸುವ ಸ್ಪರ್ಧೆಯ ಅಖಾಡಕ್ಕೆ ಇಳಿಯುತ್ತದೆ. ಹಾರ ಕೀಳಲು ನೂರಾರು ಕೈ ಬರುತ್ತವೆ, ಯಾರಿಗೂ ಸಿಗದೆ ಓಡಿ ಅಖಾಡದ ಆ ತುದಿ ಮುಟ್ಟಬೇಕು. ಅಂಥ ಹೋರಿಗೆ ಬಸ್ಯಾ ಅನ್ನುವ ಹೆಸರು ಸಾಲದಂತೆ.

ಬ್ರೇವ್ ಎಂದೆ. "ಸಣ್ಣದಾತ್ರಿ, ಸೋಪಿನ ಹೆಸರಿದ್ಹಂಗ ಐತಿ." ಕರೇಜಸ್ ಎಂದೆ. "ಉದ್ದ ಆತ್ರಿ, ಎದಿ ಮ್ಯಾಲ ಹಿಡಿಯೂದಿಲ್ಲ." ವ್ಯಾಲಿಯಂಟ್ ಎಂದೆ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಕಲ್ಲೇಶನೇ ಅಂದ, "ಡೇರಿಂಗ್. ಬ್ಯಾಡಗಿ ಡೇರಿಂಗ್!" ಊರ ಹೆಸರೂ ಸೇರಿತೆಂದು ಎಲ್ಲರೂ ಕೂಗಿದರು. ನನ್ನ ಅಗತ್ಯವೇ ಇರಲಿಲ್ಲ. ಚಹಾ ಮಾತ್ರ ನಾನೇ ಮಾಡಬೇಕಾಯಿತು.

ಅತ್ತೆ ಪಡಸಾಲೆಯಿಂದಲೇ: "ಗುಡುಗು ಬಂದ್ರ ಮೇವಿನ ಗ್ವಾದಲ್ಯಾಗ ಮಾರಿ ಇಟ್ಟು ನಿಂದರತಾನ. ಎಂಥಾ ಡೇರಿಂಗಪಾ ನಿಮ್ಮ ಬಸ್ಯಾಂದು!"

ನವೆಂಬರ್ 8, ಶುಕ್ರವಾರ

ಮನಸ್ಸಿನಲ್ಲಿ ಅದೇ ಇತ್ತು. ತರಗತಿಯಲ್ಲಿ ಬರೆಸಿದೆ — ಬ್ರೇವ್, ಬೋಲ್ಡ್, ಡೇರಿಂಗ್ — ಸ್ವಂತ ವಾಕ್ಯದಲ್ಲಿ ಬಳಸಿ. ಒಬ್ಬ ಬರೆದ: ನಮ್ಮ ಹೆಡ್ಮಾಸ್ತರು ಡೇರಿಂಗ್, ಬಿಸಿಯೂಟವನ್ನು ದಿನಾ ಮೊದಲು ಅವರೇ ಉಣ್ಣುತ್ತಾರೆ. ಪೂರ್ತಿ ಅಂಕ ಕೊಟ್ಟೆ.

ವ್ಯತ್ಯಾಸ ಹೇಳಿದೆ. ಅಪಾಯ ತಾನಾಗಿ ಮೇಲೆ ಬಂದಾಗ ಎದುರಿಸಿ ನಿಂತರೂ ಬ್ರೇವ್ ಅನ್ನಬಹುದು. ಗೊತ್ತಿದ್ದೂ ತಾನೇ ಹೋಗಿ ಅಪಾಯಕ್ಕೆ ಇಳಿದವರಿಗೆ ಡೇರಿಂಗ್ ಅನ್ನಬೇಕು. ನಮ್ಮ ಕಡೆಯ ಬಳಕೆ ಬೇರೆ. ಡೇರಿಂಗ್ ಮಾಡಿ ಕೇಳಿಬಿಟ್ಟೆ, ಡೇರಿಂಗ್ ಮಾಡಿ ಬೋರ್ ಕೊರೆಸಿದೆ ಅನ್ನುತ್ತೇವೆ. ಅದನ್ನು ತಪ್ಪು ಅನ್ನಲಿಲ್ಲ. ಅಲ್ಲಿಯೂ ತಾನೇ ಆರಿಸಿಕೊಂಡದ್ದು ಅನ್ನುವ ಅರ್ಥ ಉಳಿದಿದೆಯಲ್ಲ.

ನವೆಂಬರ್ 17, ಭಾನುವಾರ, ಸಂಜೆ

ಹಾವೇರಿ ಹತ್ತಿರದ ಸ್ಪರ್ಧೆಯಿಂದ ಇವರು, ಕಲ್ಲೇಶ, ಹುಡುಗರು ವಾಪಸು ಬಂದರು. ಬಸ್ಯಾನ ಕೊರಳ ಹಾರದಲ್ಲಿ ಒಂದು ಕೊಬ್ಬರಿಯೂ ಕಳೆದಿಲ್ಲ. ಗೆದ್ದಿದೆ. ಆದರೂ ಪಟಾಕಿ ಇಲ್ಲ, ಕೂಗಿಲ್ಲ. 

ಒಬ್ಬ ಹುಡುಗ ಹೋರಿಯ ಕಾಲಿಗೆ ಸಿಕ್ಕನಂತೆ. ಗುತ್ತಲದವನು, ಹೆಸರು ಸುದೀಪ. ತೊಡೆಯ ಎಲುಬು ಮುರಿದಿದೆ. ಹುಬ್ಬಳ್ಳಿಗೆ ಒಯ್ದಿದ್ದಾರೆ.

"ಹಾರ ಹರಿಯಾಕ ಬಂದಿದ್ದ ವೈನಿ. ಭಾಳ ಡೇರಿಂಗ್ ಮಾಡಿದ," ಎಂದ ಕಲ್ಲೇಶ.

ಇವರನ್ನು ಕೇಳಿದೆ. "ಬಿದ್ದ," ಅಂದರು. ಅಷ್ಟೇ. ಹೊತ್ತು ಮುಳುಗುವವರೆಗೂ ಹೋರಿಯ ಮೈ ಉಜ್ಜುತ್ತ ನಿಂತಿದ್ದರು.

ನವೆಂಬರ್ 19, ಮಂಗಳವಾರ

ಕಲ್ಲೇಶ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಯಾವುದೋ ಹೋರಿ ಅಭಿಮಾನಿಗಳ ಚಾನೆಲ್. "ಡೇರಿಂಗ್ ಹೋರಿಗೆ ಎದೆಯೊಡ್ಡಿದ ಡೇರಿಂಗ್ ಯುವಕ!" ಕೆಳಗೆ ಸಾಲುಸಾಲು ಬೆಂಕಿಯ ಚಿತ್ರ. ವಿಡಿಯೋದಲ್ಲಿ ಕಾಣುವುದು ಧೂಳು ಮಾತ್ರ.

ಇವತ್ತಿನ ಪೇಪರಿನಲ್ಲಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಹೋರಿ ಹಿಡಿಯಲು ಮುಂದಾದ ಯುವಕ ಗಾಯಗೊಂಡಿದ್ದಾನೆ ಎನ್ನಲಾಗಿದೆ.

ಅಪ್ಪ ರಾಣೆಬೆನ್ನೂರಿನಲ್ಲಿ ಪೇಪರ್ ಏಜೆಂಟರು. ಬಂಡಲ್ ಬಿಚ್ಚುತ್ತಲೇ ನನಗೆ ಓದಲು ಕಲಿಸಿದವರು. ಸುದ್ದಿ ಓದಿದ ಮೇಲೆ ಕೇಳುತ್ತಿದ್ದರು, ಇದನ್ನ ಯಾರು ಹೇಳ್ಯಾರ ತೋರಸು. ಇದರಲ್ಲಿ ಯಾರೂ ಹೇಳಿಲ್ಲ. ಎನ್ನಲಾಗಿದೆ.

ಇವರು ಓದಿದರು. ಪೇಪರನ್ನು ಮಡಚಿ ಟಿವಿಯ ಮೇಲಿಟ್ಟು ಅಂಗಡಿಗೆ ಹೋದರು. ನಮ್ಮ ಬೀಜ ಗೊಬ್ಬರದ ಅಂಗಡಿಗೆ ಈ ದಿನಗಳಲ್ಲಿ ಅಷ್ಟು ಬೇಗ ಯಾರೂ ಬರುವುದಿಲ್ಲ.

ನವೆಂಬರ್ 26, ಮಂಗಳವಾರ

ಹಿಂದಿ ಟೀಚರ್ ಗಂಗಾ ಗುತ್ತಲದಿಂದ ದಿನಾ ಓಡಾಡುತ್ತಾರೆ. ಇವತ್ತು ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆಯುತ್ತ ಹೇಳಿದರು. ಹೋರಿ ನಮ್ಮದೆಂದು ಅವರಿಗೆ ಗೊತ್ತಿರಲಿಲ್ಲ.

"ನಮ್ಮ ಮನಿ ಹಿಂದ ಒಂದು ಹುಡುಗ ಐತ್ರಿ, ಸುದೀಪ ಅಂತ. ಮೊನ್ನೆ ಹುಬ್ಬಳ್ಳಿಯಿಂದ ಕರ್ಕೊಂಡು ಬಂದ್ರು. ಕಾಲಾಗ ರಾಡ್ ಹಾಕ್ಯಾರ. ಅವರವ್ವ ನೀಲಗಂಗವ್ವ ಮಗನ ಕೂಡ ಮಾತು ಬಿಟ್ಟಾಳ ನೋಡ್ರಿ."

"ಯಾಕ್ರಿ?"

"ಆಕಿ ತಮ್ಮ ಹೋರಿ ಹಿಡಿಯಾಕ ಹೋಗಿ ಸತ್ತಾನ. ಅದಕ್ಕ ಮಗನ ಕಡೆ ತನ್ನ ತಲಿ ಮುಟ್ಟಿಸಿ ಆಣಿ ಮಾಡಿಸ್ಕೊಂಡಿದ್ಳು, ಅಖಾಡಕ್ಕ ಇಳಿಯಂಗಿಲ್ಲ ಅಂತ. ಅವ ಹೇಳತಾನ, ಯವ್ವಾ ನಾ ಇಳದಿಲ್ಲ, ಟ್ರ್ಯಾಲಿ ಬಾಜೂಕ ನಿಂತು ನೋಡಾಕತ್ತಿದ್ದೆ ಅಂತ. ಯಾರು ನಂಬಬೇಕ್ರಿ? ದೋಸ್ತರು ಓಣಿ ತುದಿಗೆ ಫ್ಲೆಕ್ಸ್ ಹಾಕ್ಯಾರ — ಡೇರಿಂಗ್ ಸ್ಟಾರ್ ಸುದೀಪ ಬೇಗ ಗುಣಮುಖರಾಗಿ. ಆಕಿ ದಿನಾ ನೀರಿಗೆ ಹೋಗೂಮುಂದ ಅದನ್ನ ನೋಡ್ಕೋತ ಹೋಗಬೇಕು. ಉಣ್ಣಾಕ ಕೊಡತಾಳ, ಮೈ ಒರಸತಾಳ. ಮಾತು ಮಾತ್ರ ಇಲ್ಲ. ಏನಾರ ಹೇಳೂದಿದ್ರ ಮಗಳ ಕೈಲೆ ಹೇಳಿಸ್ತಾಳ."

 ನಮ್ಮದೇ ಹೋರಿ ಎಂದು ಗಂಗಾಗೆ ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿ, "ಅಯ್ಯ… ನಿಮ್ದೇನ್ರಿ?" ಎಂದರು.

ನವೆಂಬರ್ 27, ಬುಧವಾರ, ಬೆಳಿಗ್ಗೆ

ಇವರು ಬಸ್ಯಾನಿಗೆ ಹತ್ತಿಕಾಳು ಕಲಸುತ್ತಿದ್ದರು. ಗಂಗಾ ಹೇಳಿದ್ದನ್ನು ಹೇಳಿದೆ. ಬಕೆಟ್ಟಿನೊಳಗೆ ಕೈ ನಿಂತಿತು.

"ಆ ಹುಡುಗ ಇಳದಿದ್ದಿಲ್ಲ," ಅಂದರು.

ಮತ್ತೆ ಕಲಸಿದರು. ಮತ್ತೆ ನಿಲ್ಲಿಸಿದರು. ಆಮೇಲೆ ಎಲ್ಲ ಹೇಳಿದರು. ಕೇಳಿದ ಹಾಗೇ ಬರೆಯುತ್ತೇನೆ.

ಬಸ್ಯಾ ಕರುವಿದ್ದಾಗಿನಿಂದ ಇವರು ಸೀಟಿ ಹೊಡೆದರೆ ಓಡಿ ಬರುತ್ತದೆ. ಓಟ ಮುಗಿಯುವ ತುದಿಯಲ್ಲಿ, ಕೊನೆಯ ಕಂಬದ ಆಚೆ ನಿಂತು ಸೀಟಿ ಹೊಡೆಯುವುದು ರೂಢಿ. ಎಷ್ಟೇ ಗದ್ದಲವಿರಲಿ, ಅದು ನೇರ ಬಂದು ಇವರ ಮುಂದೆ ನಿಲ್ಲುತ್ತದೆ. ಅವತ್ತು ಹಾರ ಉಳಿಯುತ್ತದೋ ಇಲ್ಲವೋ ನೋಡುವ ಆಸೆಗೆ ತುದಿಗೆ ಹೋಗಲಿಲ್ಲ. ನಡುವೆ ಜನ ನಿಂತಿದ್ದ ಕಡೆ, ಟ್ರ್ಯಾಲಿಯ ಹತ್ತಿರ ನಿಂತರು. ಹಾರ ಉಳಿದದ್ದು ಕಂಡಿತು. ಖುಷಿಗೆ ಸೀಟಿ ಹೊಡೆದುಬಿಟ್ಟರು.

"ಅದು ತಿರುಗಿತು. ನನ್ನ ಕಡೆ ಬಂತು. ನಡಕ ಆ ಹುಡುಗ ನಿಂತಿದ್ದ, ಕೈಯಾಗ ಶೇಂಗಾ ಪೊಟ್ಟಣ. ಓಡಾಕೂ ಜಾಗ ಇದ್ದಿಲ್ಲ. ಬಸ್ಯಾ ಅವನ್ನ ನೋಡೇ ಇಲ್ಲ ನಿರ್ಮಲಾ. ನನ್ನ ನೋಡ್ಕೋತ ಬಂತು. ಕೆಡವಿದ ಮ್ಯಾಲೂ ನನ್ನ ಕೈ ಮೂಸಿತು."

ಯಾರಿಗೆ ಹೇಳಿದಿರಿ ಎಂದೆ. ಯಾರಿಗೂ ಇಲ್ಲ. ಆ ಗದ್ದಲದಲ್ಲಿ ಸೀಟಿ ಯಾರ ಗಮನಕ್ಕೂ ಬಂದಿಲ್ಲ. ಮುಂದೆ ಏನು ಮಾಡಬೇಕೆಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ನವೆಂಬರ್ 28, ಗುರುವಾರ

ಇವರು ಕಲ್ಲೇಶನಿಗೆ ಹೇಳಿದ್ದಾರೆ. ಅವನು ಸ್ಪರ್ಧೆಯ ಕಮಿಟಿಯವರಿಗೆ ಹೇಳಿದ್ದಾನೆ. ಸಂಜೆಗೇ ಕಮಿಟಿಯ ಪ್ರೇಮಕುಮಾರ ಅಂಗಡಿಗೆ ಬಂದರು. ನಾನು ಶಾಲೆಯಿಂದ ನೇರ ಅಲ್ಲಿಗೇ ಹೋಗಿದ್ದೆ. ಒಳ್ಳೆಯ ಮನುಷ್ಯ, ದನಿ ಏರಿಸುವುದಿಲ್ಲ.

"ಸಿದ್ದಲಿಂಗೇಶಣ್ಣ, ಅಖಾಡಕ್ಕ ಇಳದಾಂವ ಅಂದ್ರ ಅವನ ಜವಾಬ್ದಾರಿ. ನೋಡಾಕ ನಿಂತಾಂವ ಅಂದ್ರ ನಮ್ಮ ಜವಾಬ್ದಾರಿ. ನಾಳೆ ನಮ್ಮ ಮ್ಯಾಲ ಕೇಸ್, ನಿನ್ನ ಮ್ಯಾಲೂ ಕೇಸ್. ಈ ವರ್ಷ ಮತ್ತ ಎಲ್ಲೂ ಪರ್ಮಿಷನ್ ಕೊಡಂಗಿಲ್ಲ. ಹುಡುಗೂರು ಸುಮ್ಮನ ಬಿಡ್ತಾರೇನು ನಿನ್ನ?"

ಇವರು ಮುಂದಿದ್ದ ಬೀಜದ ಪೊಟ್ಟಣಗಳನ್ನು ಜೋಡಿಸತೊಡಗಿದರು.

"ಮತ್ತ ಆ ಹುಡುಗಗ ಏನು ಕಡಿಮಿ ಆಗೇತಿ ಹೇಳು? ಊರೆಲ್ಲಾ ಡೇರಿಂಗ್ ಡೇರಿಂಗ್ ಅನ್ನಾಕತ್ತೈತಿ. ಮರ್ಯಾದಿ ಅದು. ಅದನ್ಯಾಕ ಕಸಗೋತಿ?"

ನಾನು ಕೇಳಿದೆ, "ಅವರವ್ವನ್ನ ಮಾತಾಡಿಸಿರೇನ್ರಿ?"

"ಹೆಣ್ಣಮಕ್ಕಳ ಸಿಟ್ಟು ಎಷ್ಟು ದಿವಸ ಅಕ್ಕೋರ? ತಾನ ಇಳೀತದ."

ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಒಂದು ಹೊಗಳಿಕೆಯ ಪದವನ್ನು ಹೀಗೂ ಬಳಸಬಹುದೆಂದು ಇವತ್ತು ಕಂಡೆ. ಸುಮ್ಮನೆ ನಿಂತವನನ್ನು ಡೇರಿಂಗ್ ಅಂದುಬಿಟ್ಟರೆ ಸಾಕು — ಅವನೇ ಇಳಿದ, ಅವನೇ ಆರಿಸಿಕೊಂಡ. ಉಳಿದವರೆಲ್ಲರೂ ಕೈ ತೊಳೆದುಕೊಳ್ಳಬಹುದು. ಬೈದಿದ್ದರೆ ಅವನೂ ಜಗಳ ತೆಗೆಯಬಹುದಿತ್ತು. ಹೊಗಳಿಕೆಗೆ ಏನೆಂದು ಉತ್ತರ ಕೊಡುತ್ತಾನೆ?

ಕಲ್ಲೇಶ ರಾತ್ರಿ ಊಟಕ್ಕೆ ಬರಲಿಲ್ಲ. "ಗೆಳ್ಯಾರ ಮನ್ಯಾಗ ಉಂಡಾನಂತ," ಅಂದರು ಅತ್ತೆ. ತಟ್ಟೆ ತೆಗೆದಿಟ್ಟರು.

ಡಿಸೆಂಬರ್ 1, ಭಾನುವಾರ, ಸಂಜೆ

ಕಲ್ಲೇಶ ಇನ್ನೂ ಮನೆಗೆ ಬಂದಿಲ್ಲ. ಇವತ್ತು ಬೆಳಿಗ್ಗೆ ಇವರು ಗಡ್ಡ ಬೋಳಿಸಿಕೊಂಡು ಹೊರಗೆ ಬಂದರು. "ಗುತ್ತಲಕ್ಕ ಹೋಗೂನು. ನೀನೂ ಬಾ. ಒಬ್ಬನ ಹೋದ್ರ ನಡುದಾರ್ಯಾಗ ವಾಪಸ್ ಬಂದುಬಿಡ್ತೇನಿ ನಾ," ಅಂದರು. ಅತ್ತೆ ಬಾಳೆಹಣ್ಣು ಕಟ್ಟಿಕೊಟ್ಟರು. ಏನೂ ಕೇಳಲಿಲ್ಲ.

ಹಾವೇರಿ ದಾಟಿದ ಮೇಲೆ ಒಂದು ಕಡೆ ಬೈಕ್ ನಿಲ್ಲಿಸಿದರು. ನೀರು ಕುಡಿದರು. ಬಾಟಲಿ ನನ್ನ ಕೈಗೆ ಕೊಟ್ಟರು. ಇವರೇ ಮತ್ತೆ ಗಾಡಿ ಶುರು ಮಾಡಿದರು.

ಓಣಿಯ ತುದಿಯಲ್ಲಿ ಫ್ಲೆಕ್ಸ್. ಕಪ್ಪು ಕನ್ನಡಕ ಹಾಕಿದ ಹುಡುಗನ ಫೋಟೋ, ಹಿಂದೆ ಯಾವುದೋ ಹೋರಿ. ನಮ್ಮದಲ್ಲ.

ನೀಲಗಂಗವ್ವ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ನನಗಿಂತ ಸಣ್ಣವರೇ ಇರಬೇಕು. ಗಂಗಾ ನಮ್ಮ ಜೊತೆ ಬಂದಿದ್ದರು, ನಾವು ಯಾರೆಂದು ಹೇಳಿದರು. ಆಕೆ ಮೊರ ಕೆಳಗಿಟ್ಟರು. "ಬರ್ರಿ, ಕುಂದ್ರಿ," ಎಂದರು. ಮುಖದಲ್ಲಿ ಏನೂ ಇಲ್ಲ.

ಇವರು ಕೂರಲಿಲ್ಲ. ಕಂಬ ಹಿಡಿದು ನಿಂತೇ ಹೇಳಿದರು. ಸೀಟಿ, ಟ್ರ್ಯಾಲಿ, ಶೇಂಗಾ ಪೊಟ್ಟಣ.  ಬಿಡದೆ ಪೂರ್ತಿ ಮಾಡಿದರು.

"ನಿಮ್ಮ ಮಗ ಇಳದಿಲ್ಲ ತಂಗಿ. ನಿಂತಲ್ಲೇ ನಿಂತಿದ್ದ. ನಾ ಕರದೆ, ಹೋರಿ ಬಂತು."

ಆಕೆ ಮೊರದೊಳಗಿನ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು.

"ಇದನ್ನ ಹೇಳಾಕ ಇಷ್ಟು ದಿವಸ ಬೇಕಾತೇನ್ರಿ?"

ಇವರು ತಲೆ ತಗ್ಗಿಸಿದರು.  ಆಕೆ ಬಿಡಲಿಲ್ಲ. "ನನ್ನ ಮುಂದ ಹೇಳಿದ್ರಿ. ಅಲ್ಲಿ, ಹಾವೇರ್ಯಾಗ ಪೊಲೀಸರ ಮುಂದ ಹೇಳತೀರೇನು?"

"ನಾಳೆ ಹೋಗ್ತೇನಿ."

ಆಕೆ ಎದ್ದರು. ಒಳಗೆ ಹೋದರು. ಬಾಗಿಲಿಗೆ ಪರದೆ ಮಾತ್ರ ಇತ್ತು, ಎಲ್ಲ ಕೇಳುತ್ತಿತ್ತು. ಮಂಚದ ಸದ್ದು. ಆಮೇಲೆ ಅವರ ದನಿ, ಬೈಯುವ ದನಿ:

"ಮುಂಜಾನಿಂದ ಉಂಡೀಯೋ ಇಲ್ಲೋ? ಬಾಯಿ ಇಲ್ಲೇನು ನಿನಗ, ಹಸಿವಿ ಅಂತ ಹೇಳಾಕ?"

ಹುಡುಗ ಏನೋ ಅಂದ. ಅಳುತ್ತಿದ್ದ ಅನ್ನಿಸಿತು. ಗಂಗಾ ನಮ್ಮಿಬ್ಬರನ್ನೂ ಹೊರಗೆ ಕರೆದುಕೊಂಡು ಬಂದರು. ಬಾಳೆಹಣ್ಣು ಕಟ್ಟೆಯ ಮೇಲೆ ಇಟ್ಟು ಬಂದೆ.

 ಇವರು ಮನೆಗೆ ಬಂದವರೇ ಕಲ್ಲೇಶನಿಗೆ ಫೋನ್ ಮಾಡಿ, ನಾಳೆ ಹಾವೇರಿಗೆ ಹೋಗುವುದನ್ನು ತಾವೇ ಹೇಳಿದರು. ಅವನು ಪೂರ್ತಿ ಕೇಳುವ ಮೊದಲೇ ಕಟ್ ಮಾಡಿದ. ಇವರು ಬಸ್ಯಾನಿಗೆ ಹುಲ್ಲು ಹಾಕಿ ಬಂದು ಪಡಸಾಲೆಯಲ್ಲಿ ಕೂತಿದ್ದಾರೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಾರೆ. ನಾನು ಇಲ್ಲಿ ಬರೆಯುತ್ತಿದ್ದೇನೆ.

ಹೊರಗೆ ಬೈಕುಗಳು ಬಂದು ನಿಂತವು. ನಾಲ್ಕೈದಿರಬೇಕು. ಕಲ್ಲೇಶನ ದನಿ ಗುರುತು ಸಿಕ್ಕಿತು, ಉಳಿದವರದು ಇಲ್ಲ. ರೊಟ್ಟಿಯ ಸದ್ದು ನಿಂತಿದೆ. ಕದ ತೆಗೆಯಬೇಡಿ ಅನ್ನೋಣವೆಂದು ತಲೆ ಎತ್ತಿದೆ. ಇವರು ಆಗಲೇ ಹೋಗಿ ಚಿಲಕಕ್ಕೆ ಕೈ ಹಾಕಿದ್ದಾರೆ. ಗೊತ್ತಿದ್ದೂ, ತಾವೇ ಹೋಗಿ.